ಕಸ್ತೂರಿಯ ಐದು ಜಾಮೀನು

ದನಿಗಳು ಕಳುವಾದ ವರ್ಷ ಮುಗಿಯುವ ಹೊತ್ತಿಗೆ ಯಾರನ್ನು ನಂಬಬೇಕು ಎಂಬುದೇ ಜನರಿಗೆ ತಿಳಿಯದಾಗಿತ್ತು. ಫೋನಿನಲ್ಲಿ ಮಗ “ಅವ್ವಾ, ಸ್ಟೇಷನ್ನಿನ್ಯಾಗ ಕುಂದ್ರಿಸ್ಯಾರ” ಎಂದು ಅತ್ತರೆ ಅವನು ಮಗನೇ ಆಗಿರಬೇಕೆಂದಿರಲಿಲ್ಲ. ಮಗನ ದನಿಯನ್ನು ಎಳೆಎಳೆಯಾಗಿ ಕದ್ದು ಹೆಣೆದ ಯಂತ್ರವೂ ಹಾಗೆಯೇ ಅಳುತ್ತಿತ್ತು. ಮುಖಗಳನ್ನೂ ಹೆಣೆಯುತ್ತಿದ್ದರು. ಪಾಸ್‌ವರ್ಡು, ಬೆರಳಚ್ಚು, ಕಣ್ಣಿನ ಪಾಪೆ ಒಂದಾದ ಮೇಲೊಂದು ಸೋತವು. ಬ್ಯಾಂಕಿನ ಮುಂದೆ ಜನ ತಾವು ತಾವೇ ಹೌದೆಂದು ಸಾಬೀತು ಮಾಡಲಾರದೆ ಬಿಸಿಲಲ್ಲಿ ನಿಂತರು.

ಆಗ ಆಪ್ತಜಾಲ ಎಂಬ ಕಂಪನಿ ಬಂದು, ಊರ ಕಟ್ಟೆಯಷ್ಟು ಹಳೆಯದಾದ ಉಪಾಯವೊಂದನ್ನು ಹೊಸ ಡಬ್ಬಿಯಲ್ಲಿಟ್ಟು ಮಾರಿತು. ನೀನು ನೀನೇ ಎಂದು ಐದು ಜನ ಜಾಮೀನು ನಿಲ್ಲಬೇಕು. ಆರು ತಿಂಗಳಿಗೊಮ್ಮೆ ಆ ಐವರೂ ನಿನ್ನ ಹೆಸರು ಹೇಳಿ, ನೀನು ತಮಗೇನಾಗಬೇಕೆಂದು ಹೇಳಿ, ಬಾಯಾರೆ ಒಪ್ಪಿಕೊಳ್ಳಬೇಕು. ಬೇಡವೆನಿಸಿದವರು ಯಾವಾಗ ಬೇಕಾದರೂ ಜಾಮೀನು ಹಿಂತೆಗೆಯಬಹುದು. ಹಿಂತೆಗೆದವರು ಯಾರೆಂದು ಯಾರಿಗೂ ತಿಳಿಯುವುದಿಲ್ಲ, ಕಂಪನಿಯೂ ಅದನ್ನು ಬರೆದಿಟ್ಟುಕೊಳ್ಳುವುದಿಲ್ಲ. ಐದರಲ್ಲಿ ಮೂರಾದರೂ ಉಳಿದಿದ್ದರೆ ನಿನ್ನ ಮಾತು ಜಾಲದಲ್ಲಿ ಓಡಾಡುತ್ತದೆ, ದುಡ್ಡು ಚಲಾವಣೆಯಾಗುತ್ತದೆ, ಬಸ್ಸಿನ ಬಾಗಿಲು ತೆರೆಯುತ್ತದೆ. ಮೂರಕ್ಕಿಂತ ಕಡಿಮೆಯಾದರೆ ಎಲ್ಲವೂ ನಿಲ್ಲುತ್ತದೆ. ಅದಕ್ಕೆ ಕಂಪನಿ ಇಟ್ಟ ಹೆಸರು ‘ವಿರಾಮ’.

ಜಾಮೀನು ನಿಲ್ಲುವವರನ್ನು ಬೀದಿಯಿಂದ ಹಿಡಿದು ತರುವಂತಿರಲಿಲ್ಲ. ಒಂದೇ ಸೂರಿನ ಕೆಳಗೆ ಒಂದಷ್ಟು ರಾತ್ರಿ ಕಳೆದವರೇ ಆಗಬೇಕು. ಯಾರ ಫೋನು ಯಾರ ಫೋನಿನ ಪಕ್ಕ ಬೆಳಗಿನ ತನಕ ಮಲಗಿತ್ತು ಎಂಬ ಲೆಕ್ಕ ಜಾಲದ ಬಳಿ ವರ್ಷಗಳಷ್ಟು ಹಿಂದಿನಿಂದಲೂ ಇತ್ತು. ಗಂಡಸರಿಗೆ ಹಾಸ್ಟೆಲಿನ ಗೆಳೆಯರಿದ್ದರು, ಡ್ಯೂಟಿಯ ಜೊತೆಗಾರರಿದ್ದರು, ಯಾತ್ರೆಗೆ ಹೋದ ಗುಂಪಿತ್ತು. ಮದುವೆಯಾದ ಹೆಂಗಸರಿಗೆ ಸಿಕ್ಕಿದ್ದು ಗಂಡ, ಅತ್ತೆ, ಮಾವ, ಮೈದುನ, ನಾದಿನಿ. ಸಂಬಂಧಗಳನ್ನು ನಾವು ನಿರ್ಧರಿಸಿಲ್ಲ, ನಿಮ್ಮ ರಾತ್ರಿಗಳೇ ನಿರ್ಧರಿಸಿವೆ ಎಂದು ಕಂಪನಿ ಹೇಳಿತು.

ಇದು ಸೆನ್ಸಾರಲ್ಲವೇ ಎಂದು ಜಾಲದಲ್ಲೇ ದೊಡ್ಡ ಚರ್ಚೆ ನಡೆಯಿತು. ನಾವು ಯಾರ ಒಂದಕ್ಷರವನ್ನೂ ಅಳಿಸುವುದಿಲ್ಲ ಎಂದು ಕಂಪನಿ, ನಾವು ಯಾರ ಬಾಯನ್ನೂ ಕಟ್ಟಿಲ್ಲ ಎಂದು ಸರ್ಕಾರ. ಎರಡೂ ನಿಜವೇ ಆಗಿತ್ತು. ಧಾರವಾಡದ ಹೆಣ್ಣುಮಗಳೊಬ್ಬಳು ಇದನ್ನು ‘ಅತ್ತಿ ಸರ್ಕಾರ’, ಅಂದರೆ ಅತ್ತೆಯ ಸರ್ಕಾರ, ಎಂದು ಕರೆದಳು. ಮೂರು ದಿನ ರಾಜ್ಯವೆಲ್ಲ ನಕ್ಕಿತು. ನಾಲ್ಕನೆಯ ದಿನ ಅವಳು ವಿರಾಮಕ್ಕೆ ಹೋದಳು. ಅತ್ತಿಗೆ ಗೊತ್ತಾತು ಕಾಣ್ತದ ಎಂದು ಜನ ಮತ್ತೊಮ್ಮೆ ನಕ್ಕು ಮರೆತರು. ದನಿ ಕಳ್ಳತನವಂತೂ ನಿಂತುಹೋಗಿತ್ತು. ಅಷ್ಟರ ಮಟ್ಟಿಗೆ ಎಲ್ಲರಿಗೂ ನೆಮ್ಮದಿಯಾಗಿತ್ತು.

ನೀಲಾಂಬಿಕಾ ಕೆಲಸ ಮಾಡುತ್ತಿದ್ದುದು ಇದೇ ಆಪ್ತಜಾಲದ ಹುಬ್ಬಳ್ಳಿಯ ಕೊಠಡಿಯಲ್ಲಿ. ಗೋಕುಲ ರಸ್ತೆಯಲ್ಲಿ ಹಿಂದೆ ಬಿಸ್ಕೀಟಿನ ಗೋದಾಮಾಗಿದ್ದ ಕಟ್ಟಡದ ಮೇಲಂತಸ್ತು ಅದು. ಮಳೆಗಾಲದಲ್ಲಿ ಗೋಡೆಗಳಿಂದ ಈಗಲೂ ವೆನಿಲ್ಲಾದ ವಾಸನೆ ಬರುತ್ತಿತ್ತು. ಅವಳಿಗೆ ನಲವತ್ತೊಂದು. ಹುದ್ದೆಯ ಹೆಸರು ‘ಆಲಿಸುವವರು’.

ಜಾಮೀನಿನ ದನಿ ಬದುಕಿರುವ ಮನುಷ್ಯರದೇ ಎಂದು ಯಂತ್ರ ಗುರುತಿಸುವ ಬಗೆ ಸರಳವಾಗಿತ್ತು. ಗುರುತಿರುವವರ ಹೆಸರು ಹೇಳುವಾಗ ನಾಲಿಗೆಗಿಂತ ಕೂದಲೆಳೆಯಷ್ಟು ಮೊದಲು ನೆನಪು ಬರುತ್ತದಂತೆ. ಆಗ ಉಸಿರು ಸಣ್ಣಗೆ ತಡವರಿಸುತ್ತದೆ, ಗಂಟಲು ಒಂದಿಷ್ಟು ಬಿಗಿಯುತ್ತದೆ ಅಥವಾ ಸಡಿಲುತ್ತದೆ. ಹೆಣೆದ ದನಿಯಲ್ಲಿ ಆ ತಡವರಿಕೆ ಇರುವುದಿಲ್ಲ. ಅದು ಹೆಸರನ್ನು ಉಚ್ಚರಿಸುತ್ತದೆ, ನೆನೆಯುವುದಿಲ್ಲ. ಯಂತ್ರ ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತಿತ್ತು. ಮೂರು ಸಲವೂ ಮೂವತ್ತರ ಕೆಳಗೇ ಬಿದ್ದ ದನಿಗಳು ನೀಲಾಳಂಥವರ ಕಿವಿಗೆ ಬರುತ್ತಿದ್ದವು. ಕೇಳಿ, ‘ಜೀವಂತ’ ಅಥವಾ ‘ನಿರ್ಜೀವ’ ಎಂಬ ಎರಡು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು. ಅವರು ಒತ್ತಿದ್ದನ್ನು ನೋಡಿ ಯಂತ್ರವೂ ಕಲಿಯುತ್ತಿತ್ತು.

ಕೆಲಸಕ್ಕೆ ಸೇರಿದ ಮೊದಲ ವರ್ಷ ಅವಳು ಕಂಪನಿಗೆ ಒಂದು ಉಪಕಾರ ಮಾಡಿದ್ದಳು. ವಯಸ್ಸಾದ ಹೆಂಗಸರ ಜಾಮೀನುಗಳು ಸಾಲುಸಾಲಾಗಿ ಬಿದ್ದುಹೋಗುತ್ತಿದ್ದವು. ಗಂಡನ ಹೆಸರು ಹೇಳಿ ಎಂದರೆ ಅವರು ಹೇಳುತ್ತಿರಲಿಲ್ಲ. “ಅವರು”, “ನಮ್ಮ ಮನಿಯವರು”, “ಮಲ್ಲವ್ವನ ಅಪ್ಪ” ಎಂದು ಯಂತ್ರದೆದುರು ನಾಚುತ್ತಿದ್ದರು. ಹೆಂಡತಿ ಹೆಸರೆತ್ತದ ತಪ್ಪಿಗೆ ಎಷ್ಟೋ ಮುದುಕರ ಪಿಂಚಣಿ ನಿಂತಿತ್ತು. ದೊಡ್ಡ ಎಂಜಿನಿಯರುಗಳು ತಲೆ ಕೆರೆದುಕೊಂಡಾಗ ನೀಲಾ, “ಒಡಪು ಹೇಳಸ್ರಿ” ಎಂದಳು. ಮದುವೆ ಮನೆಯಲ್ಲಿ ಬಾಗಿಲು ಅಡ್ಡಗಟ್ಟಿ ಕೇಳಿದರೆ ಪ್ರಾಸ ಕಟ್ಟಿ ಗಂಡನ ಹೆಸರು ಹೇಳುವುದಿಲ್ಲವೇ, ಹಾಗೆ. ಅವತ್ತು ಸಂಜೆಯೇ ಕಲಘಟಗಿಯ ಮುದುಕಿಯೊಬ್ಬಳು, “ಕೊತ್ತಂಬರಿ ಸಿವುಡಿಗೆ ಹಗ್ಗ ಯಾಕ ಬೇಕ, ಗುರುಶಾಂತಪ್ಪನ ಸಿಟ್ಟಿಗೆ ನನ್ನ ನಗೀನ ಸಾಕ” ಎಂದು ಕಿಸಕ್ಕನೆ ನಕ್ಕಳು. ಯಂತ್ರ ತೊಂಬತ್ತೊಂಬತ್ತು ಕೊಟ್ಟಿತು. ಕೊಠಡಿಯೆಲ್ಲ ಚಪ್ಪಾಳೆ ತಟ್ಟಿತು. ನೀಲಾ ಕೂಡ ತಟ್ಟಿದಳು. ಖುಷಿಯಾಗಬೇಕಾದ ಹೊತ್ತು ಇದು ಎಂದು ಅವಳಿಗೆ ತಿಳಿಯುತ್ತಿತ್ತು, ಖುಷಿ ಮಾತ್ರ ಪಕ್ಕದ ಮನೆಯ ಟೀವಿಯಂತೆ ಗೋಡೆಯಾಚೆ ಕೇಳುತ್ತಿತ್ತು.

ಅವಳಿಗೆ ಹಾಗಾಗಿ ಬಹಳ ವರ್ಷಗಳಾಗಿದ್ದವು. ಈ ಕೆಲಸಕ್ಕೆ ಅದು ಅನುಕೂಲವೇ ಆಯಿತು. ಬೇರೆಯವರು ದನಿ ಕೇಳಿ ಕರಗುತ್ತಿದ್ದರು, ಅನುಮಾನ ಪಡುತ್ತಿದ್ದರು, ಎರಡೆರಡು ಸಲ ಕೇಳುತ್ತಿದ್ದರು. ಅವಳು ಸಮನಾಗಿ ಒತ್ತುತ್ತ ಹೋಗುತ್ತಿದ್ದಳು. ಮೇಲ್ವಿಚಾರಕಿ ಫರ್ಜಾನಾ ಹೊಸಬರಿಗೆ ಅವಳನ್ನೇ ತೋರಿಸುತ್ತಿದ್ದಳು. “ನೀಲಕ್ಕನ ಕೈ ನೋಡ್ರಿ. ತಕ್ಕಡಿ ಇದ್ದಂಗ ಐತಿ.”

ಮನೆ ವಿದ್ಯಾನಗರದ ಹಿಂಬದಿಯಲ್ಲಿ. ಗಂಡ ಚನ್ನವೀರ ಲಾಂಡ್ರಿ ಇಟ್ಟುಕೊಂಡಿದ್ದ. ಅತ್ತೆ ಬಸಲಿಂಗವ್ವನಿಗೆ ಎಪ್ಪತ್ತು ದಾಟಿತ್ತು. ಮಗಳು ವಿಜಯಪುರದ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಮಹಡಿಯ ಒಂದೇ ಕೋಣೆಯಲ್ಲಿ ನಾದಿನಿ ಕಸ್ತೂರಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ನರ್ಸಿಂಗ್ ಕಲಿತು, ಊರ ಹೊರಗಿನ ಒಂದು ಖಾಸಗಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ವರ್ಷಗಟ್ಟಲೆ ರಾತ್ರಿಪಾಳಿ ಮಾಡಿ, ಕೊನೆಗೆ ಅದನ್ನು ಬಿಟ್ಟು ಬಂದವಳು.

ಕಸ್ತೂರಿ ದಿನಾ ಮಧ್ಯಾಹ್ನ ಊಟವಾದ ಮೇಲೆ ಜಾಲದಲ್ಲಿ ಒಂದು ಮಾತಿನ ಕೂಟ ನಡೆಸುತ್ತಿದ್ದಳು. ಹೆಸರು ‘ಮಧ್ಯಾಹ್ನದ ಕಟ್ಟಿ’. ಪಾತ್ರೆ ತೊಳೆದು ಕೈ ಒರೆಸಿಕೊಂಡ ಹೆಂಗಸರು ಎಲ್ಲೆಲ್ಲಿಂದಲೋ ಬಂದು ಕೂಡುತ್ತಿದ್ದರು. ಮೊದಮೊದಲು ಉಪ್ಪಿನಕಾಯಿ, ಸೊಂಟನೋವು, ಸೊಸೆಯಂದಿರ ಸುದ್ದಿ. ಆಮೇಲೆ ಒಂದು ದಿನ ಕಸ್ತೂರಿ ತನ್ನ ವಾರ್ಡಿನ ಸುದ್ದಿ ತೆಗೆದಳು. ಬಿಳಿಮುಟ್ಟು ಎಂದು ಬಂದವರು, ಹೊಟ್ಟೆನೋವು ಎಂದು ಬಂದವರು, ಮೂವತ್ತು ತುಂಬದವರು, ಎಲ್ಲರೂ ಗರ್ಭಕೋಶ ಬಿಟ್ಟು ಮನೆಗೆ ಹೋದದ್ದು. ಬೇಕಾಗಿತ್ತೋ ಇಲ್ಲವೋ ಎಂದು ಯಾರೂ ಕೇಳದೇ ಇದ್ದದ್ದು. ಕಟ್ಟಿಯಲ್ಲಿ ಕೂತವರು ಸಾವಿರಗಳಾದರು. ಹಳ್ಳಿಯ ಹೆಂಗಸರು ಒಬ್ಬೊಬ್ಬರೇ ತಮ್ಮ ತಾರೀಖು, ತಮ್ಮ ವಯಸ್ಸು ಹೇಳತೊಡಗಿದರು. ವೈದ್ಯ ಪರಿಷತ್ತಿಗೆ ದೂರು ಕೊಡುವ ಮಾತಾಯಿತು.

ಆ ಆಸ್ಪತ್ರೆಯ ಹಾಸಿಗೆ ಚಾದರಗಳೆಲ್ಲ ಒಗೆಯಲು ಬರುತ್ತಿದ್ದುದು ಚನ್ನವೀರನ ಲಾಂಡ್ರಿಗೆ.

“ಮ್ಯಾನೇಜರು ಇವತ್ತ ಚಾ ಕುಡಿಸಿದ್ರು” ಎಂದ ಅವನು ಒಂದು ರಾತ್ರಿ ಊಟಕ್ಕೆ ಕೂತು. “ಎಂದೂ ಕುಡಿಸಿದಾವರಲ್ಲ.”

“ಸಕ್ಕರಿ ಎಷ್ಟ ಹಾಕಿದ್ರಣ್ಣಾ?” ಎಂದಳು ಕಸ್ತೂರಿ.

“ಚೇಷ್ಟಿ ಮಾಡಬ್ಯಾಡ. ನಿಮ್ಮ ತಂಗಿಗೆ ಯಾರ್ಯಾರು ಜಾಮೀನ ಅದಾರ ಅಂತ ಕೇಳಿದ್ರು. ಬರೇ ಕೇಳಿದ್ರು, ಅಷ್ಟ.”

“ನೀ ಏನಂದಿ?”

“ನನಗ ಗೊತ್ತಿಲ್ಲ ಅಂದೆ.” ಅವನು ರೊಟ್ಟಿ ಮುರಿದ. “ಕಟ್ಟ್ಯಾಗ ಉಪ್ಪಿನಕಾಯಿ ಸುದ್ದಿ ಮಾತಾಡ್ತಿದ್ದೆಲ್ಲ ಕಸ್ತೂರಿ, ಅದನ್ನ ಮಾತಾಡವಾ. ಮಂದಿಗೆ ಅದೂ ಬೇಕಾಗಿರ್ತದ.”

ಆ ವಾರವೇ ಕಸ್ತೂರಿಯ ಫೋನಿಗೆ ಸಂದೇಶ ಬಂತು: ನಿಮ್ಮ ಐದರಲ್ಲಿ ಒಂದು ಕಡಿಮೆಯಾಗಿದೆ. ಕೆಲವು ದಿನಗಳಲ್ಲಿ ಮತ್ತೊಂದು. ಯಾರೆಂದು ತಿಳಿಯುವಂತಿಲ್ಲ. ಆದರೆ ಹಿಂದೊಮ್ಮೆ ಇದೇ ಮನೆಯಲ್ಲಿ ಬಾಡಿಗೆಗಿದ್ದು ಈಗ ಎದುರಿಗಿರುವ ರೇವಡಿ ಮಾಸ್ತರರು ಅವಳನ್ನು ಕಂಡಾಗಲೆಲ್ಲ ಎರಡೆರಡು ಸಲ ನಮಸ್ಕಾರ ಮಾಡತೊಡಗಿದರು, ಗದುಗಿನ ಭಾವ ಇದ್ದಕ್ಕಿದ್ದಂತೆ ಒಂದು ಡಬ್ಬಿ ಕರದಂಟು ಕಳಿಸಿದ. ಉಳಿದವರು ಮೂವರು. ತಾಯಿ, ಅಣ್ಣ, ಅಣ್ಣನ ಹೆಂಡತಿ ನೀಲಾ.

“ಈಗ ಇನ್ನೊಬ್ಬರ ಕೈ ತಗದ್ರೂ ನಾ ಖಲಾಸ್” ಎಂದು ಕಸ್ತೂರಿ ಕರದಂಟು ಕಡಿಯುತ್ತ ನೀಲಾಳಿಗೆ ಹೇಳಿದಳು. “ಅವ್ವ ತಗಿಯಾಂಗಿಲ್ಲ. ನೀ ತಗಿಯಾಂಗಿಲ್ಲ. ಅಣ್ಣಂದ ನನಗ ಚಿಂತಿ. ದೂರಿಗೆ ಸಹಿ ಮಾಡಾವರು ಇನ್ನ ಅರ್ಧ ಮಂದಿ ಉಳದಾರ ವೈನಿ. ನಾ ದಿನಾ ಕರೀಲಿಲ್ಲಾಂದ್ರ ಅವರು ಬರಂಗಿಲ್ಲ, ಹಿಂದ ಸರದಬಿಡ್ತಾರ.”

“ಹೂಂ” ಎಂದಳು ನೀಲಾ.

“ನಿನ್ನ ಸುದ್ದಿ ನಾ ಎಲ್ಲೂ ಎತ್ತಿಲ್ಲ. ಎತ್ತಂಗೂ ಇಲ್ಲ.”

“ಗೊತ್ತೈತಿ.”

ನೀಲಾಳ ಸುದ್ದಿಯೂ ಅದೇ ವಾರ್ಡಿನದು. ಮಗಳಿಗೆ ಐದು ವರ್ಷವಿದ್ದಾಗ, ತಿಂಗಳ ಮುಟ್ಟು ಹೆಚ್ಚು ದಿನ ಹೋಗುತ್ತದೆಂದು ಅವಳು ಅಲ್ಲಿಗೆ ಹೋಗಿದ್ದಳು. ಡಾಕ್ಟರು ಪರದೆಯ ಮೇಲೆ ಏನೋ ಬೂದಿ ಬಣ್ಣದ್ದನ್ನು ತೋರಿಸಿ, “ಒಂದು ಮಗು ಆಗೇತೆಲ್ಲಾ, ಇನ್ನ ಈ ಚೀಲ ಯಾಕ ಬೇಕು?” ಎಂದಿದ್ದರು. ಚನ್ನವೀರ ಸಹಿ ಮಾಡಿದ. ಒಳ್ಳೆಯದಕ್ಕೇ ಮಾಡಿದ. ಚೀಲದ ಜೊತೆ ಅಕ್ಕಪಕ್ಕದ ಅಂಡಾಶಯಗಳನ್ನೂ ತೆಗೆದದ್ದು ಅವಳಿಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಕಸ್ತೂರಿಯಿಂದ. ಮುಟ್ಟು ನಿಲ್ಲುವ ವಯಸ್ಸಿಗೆ ಬರಬೇಕಾದ ಬೆವರು ಇಪ್ಪತ್ತೊಂಬತ್ತಕ್ಕೆ ಬಂತು. ಅದು ನಿಂತ ಮೇಲೆ ಉಳಿದದ್ದು ಈ ಸಮತಲ. ಅಳು ಬರುತ್ತಿರಲಿಲ್ಲ, ಸಿಟ್ಟೂ ಬರುತ್ತಿರಲಿಲ್ಲ. ಮನೆಯವರು ಅವಳನ್ನು ಬಹಳ ಶಾಂತ ಎನ್ನುತ್ತಿದ್ದರು.

ಮೂವರ ಜಾಮೀನು ನವೀಕರಿಸುವ ವಾರ ಬಂತು. ಬಸಲಿಂಗವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಫೋನನ್ನು ಕನ್ನಡಿಯಂತೆ ಮುಖದೆದುರು ಹಿಡಿದು ಮುಗಿಸಿಬಿಟ್ಟಳು. “ಕಸ್ತೂರಿ ನನ್ನ ಮಗಳು. ಹಡದಾಕಿ ನಾನು. ಎರಡ ದಿವಸ ಬ್ಯಾನಿ ತಿಂದೀನಿ. ನಿನಗೇನ ಸಂಶೆ ಬಂದೈತಿ? ಆರ ತಿಂಗಳಿಗೊಮ್ಮೆ ಬಂದ ಕೇಳ್ತದ ನೋಡು, ಮೂದೇವಿ!” ಫೋನು ಟಣ್ಣೆಂದು ಹಸಿರಾಯಿತು.

ಚನ್ನವೀರ ಲಾಂಡ್ರಿಯಲ್ಲೇ ಮಾಡುತ್ತೇನೆಂದು ಹೋದ. ಮಾಡಿದನೋ ಇಲ್ಲವೋ ಯಾರೂ ಕೇಳಲಿಲ್ಲ.

ನೀಲಾ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ನಿಂತಳು. “ಕಸ್ತೂರಿ ನನ್ನ ನಾದಿನಿ. ನಾನು ಅವಳಿಗೆ ಜಾಮೀನು ನಿಲ್ಲುತ್ತೇನೆ.” ಫೋನು ಸ್ವಲ್ಪ ಯೋಚಿಸಿ ಬರೆಯಿತು: ಜೀವಂತ ದನಿ ದೊರೆಯಲಿಲ್ಲ. ಇನ್ನೆರಡು ಅವಕಾಶಗಳಿವೆ.

ಕಳೆದ ಸಲ ಕೂದಲೆಳೆಯಲ್ಲಿ ಪಾರಾಗಿದ್ದಳು. ಅದು ಅವಳಿಗೆ ನೆನಪಾಯಿತು. ಮರುದಿನ ಕೆಲಸದ ಕಟ್ಟಡದ ತಾರಸಿಗೆ ಹೋಗಿ, ಈ ಸಲ ತಪ್ಪಬಾರದೆಂದು ದನಿಯನ್ನು ಬಿಗಿಹಿಡಿದು, ಶಾಲೆಯ ಹುಡುಗಿಯಂತೆ ನಿಚ್ಚಳವಾಗಿ ಹೇಳಿದಳು. ಜೀವಂತ ದನಿ ದೊರೆಯಲಿಲ್ಲ.

ಫರ್ಜಾನಾ ಕೇಳಿ ನಕ್ಕಳು. “ಚಮ್ಮಾರನ ಮನೀ ಮಂದಿ ಬರಿಗಾಲಾಗ ಅಡ್ಡಾಡಿದಂಗ ಆತು ನಿಂದು. ಬಾ, ನನ್ನ ಮುಂದ ಹೇಳು. ಒಡಪು ಕಟ್ಟು. ನಾದಿನಿ ಮ್ಯಾಲ ಒಡಪು ಕಟ್ಟಬಾರದು ಅಂತ ಎಲ್ಲೈತಿ?”

ನೀಲಾ ಕಣ್ಣುಮುಚ್ಚಿ ಒಂದು ಕಟ್ಟಿದಳು. “ಹಿತ್ತಲ ಬಳ್ಳ್ಯಾಗ ಹೀರೇಕಾಯಿ ಜೋಡಿ, ನಾದಿನಿ ಕಸ್ತೂರಿಗೆ ಮಾತಾಡೋದು ಖೋಡಿ.” ಪ್ರಾಸ ಸರಿಯಾಗಿತ್ತು. ಹೇಳಿ ಮುಗಿಸಿದಾಗ ಫರ್ಜಾನಾಳ ನಗೆ ಕಡಿಮೆಯಾಗಿತ್ತು.

“ನಗಬೇಕಲ್ಲ ನೀಲಕ್ಕಾ, ಹೇಳುವಾಗ.”

“ನಕ್ಕೆನಲ್ಲ.”

ಫರ್ಜಾನಾ ತನ್ನ ಪರದೆಯಲ್ಲಿ ಅಂಕ ನೋಡಿದಳು. ಹನ್ನೊಂದು. ಆಲಿಸುವವರ ಸ್ವಂತ ಜಾಮೀನನ್ನು ಅವರದೇ ಕೊಠಡಿ ತೀರ್ಮಾನಿಸಬಾರದೆಂಬ ನಿಯಮವಿತ್ತು, ಹಾಗಾಗಿ ಅದು ಬೇರೆ ಊರಿನ ಕೊಠಡಿಗೆ ಹೋಯಿತು. ಅಲ್ಲಿ ಯಾರೋ ಒಬ್ಬರು, ನೀಲಾಳಂತೆಯೇ ಇಯರ್‌ಫೋನು ಹಾಕಿಕೊಂಡವರು, ಮೊದಲ ನಾಲ್ಕು ಮಾತು ಕೇಳಿ ಗುಂಡಿ ಒತ್ತಿದರು. ನಿರ್ಜೀವ. ಜಾಮೀನು ಬಿದ್ದವರು ಅದೇ ವ್ಯಕ್ತಿಗೆ ಮತ್ತೆ ನಿಲ್ಲಲು ಆರು ತಿಂಗಳು ಕಾಯಬೇಕು.

ನೀಲಾ ಅದನ್ನು ಓದಿ ಫೋನು ಚೀಲಕ್ಕೆ ಹಾಕಿ ತನ್ನ ಕುರ್ಚಿಗೆ ಮರಳಿದಳು. ಊಟದ ಹೊತ್ತು ಕಳೆದಿತ್ತು. ಆ ಹೊತ್ತಿಗೆ ಕಟ್ಟಿಯಲ್ಲಿ ಕಸ್ತೂರಿ, “ದೂರಿನ್ಯಾಗ ನಿಮ್ಮ ಹೆಸರು ಬರ್ತದ ಅಂತ ಹೆದರಬ್ಯಾಡ್ರಿ, ಹೆಸರು ಬರಲಿ ಅಂತನ…” ಎನ್ನುತ್ತಿದ್ದಳಂತೆ. ಮಾತು ಅಲ್ಲಿಗೇ ನಿಂತಿತು.

ಸಂಜೆ ಮನೆ ಮುಟ್ಟಿದಾಗ ಪಡಸಾಲೆಯಲ್ಲಿ ಅಣ್ಣ ತಂಗಿ ಎದುರುಬದುರು ನಿಂತಿದ್ದರು. ಕಸ್ತೂರಿಯ ಕಾಲ ತುಂಬ ಧೂಳಿತ್ತು. ವಕೀಲರ ಆಫೀಸಿನ ಜಗುಲಿಯಲ್ಲಿ ಕೂತು ಕಟ್ಟಿ ನಡೆಸುತ್ತಿದ್ದವಳಿಗೆ ಅರ್ಧದಲ್ಲೇ ಫೋನು ಸತ್ತು, ಬಸ್ಸಿನ ಬಾಗಿಲೂ ತೆರೆಯದೆ, ಕಿತ್ತೂರು ಚೆನ್ನಮ್ಮ ವೃತ್ತದಿಂದ ನಡೆದೇ ಬಂದಿದ್ದಳು.

“ಚಾದರ ಒಗಿಯೋದು ಹೋಗ್ತದಂತ ಒಡಹುಟ್ಟಿದಾಕಿ ಬಾಯಿ ಹೊಲದೀ ಹೌದಿಲ್ಲೋ?” ಕಸ್ತೂರಿ ಕೂಗಾಡುತ್ತಿರಲಿಲ್ಲ. ಅದರಿಂದಲೇ ಮಾತು ಹೆಚ್ಚು ಕೇಳುತ್ತಿತ್ತು. “ಒಂದ ಮಾತ ಹೇಳಿ ತಗದಿದ್ರ ಆಗ್ತಿತ್ತು. ಹೇಳಾಕೂ ಧೈರ್ಯ ಬೇಕಲ್ಲ.”

“ನಾ ತಗದಿಲ್ಲ.”

“ಎಲ್ಲಾರೂ ತಗದಿಲ್ಲ! ಮಾಸ್ತರೂ ತಗದಿಲ್ಲ, ಭಾವನೂ ತಗದಿಲ್ಲ. ತಾವಾಗೇ ಉದುರ್ಯಾವು, ಹುಣಸೀಕಾಯಿ ಉದುರಿದಂಗ.”

“ತಗೀಬೇಕಂತ ಮಾಡಿದ್ದೆ” ಎಂದ ಚನ್ನವೀರ. “ಖರೇ ಹೇಳ್ತೀನಿ. ಎರಡ ಸಲ ಫೋನ ಕೈಗೆ ತಗೊಂಡೆ. ಆದ್ರ ನಾ ತಗದಿಲ್ಲ. ಅವ್ವನ ಆಣಿ.”

“ನನ್ನ ಆಣಿ ಮಾಡಬ್ಯಾಡೋ, ನಾ ಮೊದಲ ಸಾಯಾಕ ಬಂದಾಕಿ” ಎಂದಳು ಬಸಲಿಂಗವ್ವ ಮೂಲೆಯಿಂದ.

ನೀಲಾ ಬಾಗಿಲಲ್ಲೇ ನಿಂತಿದ್ದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಕಂಪನಿಯಲ್ಲಿ ದಾಖಲೆಯಿಲ್ಲ, ಗಂಡನ ಮೇಲಿನ ಅನುಮಾನ ಗಟ್ಟಿಯಾಗುತ್ತಿತ್ತು, ನಾಳೆ ಚಪಾತಿ ಎಂದಿನಂತೆ ಬೇಯುತ್ತಿತ್ತು. ಅದನ್ನು ಅವಳು ಅಳೆದು ನೋಡಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, “ನಂದು ಬಿದ್ದೈತಿ” ಎಂದಳು. “ಅವರು ತಗದಿಲ್ಲ. ನಾ ನಿಂತೆ. ಮೂರ ಸಲ ನಿಂತೆ. ಮಷೀನು ಜೀವ ಇಲ್ಲ ಅಂತು.”

“ಏನಿಲ್ಲ?” ಎಂದ ಚನ್ನವೀರ.

“ನನ್ನ ದನ್ಯಾಗ ಜೀವ ಇಲ್ಲಂತ.”

ಕಸ್ತೂರಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಅಣ್ಣನ ಕಡೆ ತಿರುಗಿ, “ಊಟ ಮಾಡೂಣ ಬಾ” ಎಂದಳು. ಅವನು ಬರಲಿಲ್ಲ. ಸುಮಾರು ಹೊತ್ತು ಗೋಡೆಯತ್ತ ಮುಖ ಮಾಡಿ ಕೂತಿದ್ದ. ಹನ್ನೆರಡು ವರ್ಷದ ಹಿಂದೆ ಹಾಕಿದ ಸಹಿ ಅವನಿಗೆ ನೆನಪಾಯಿತೋ ಏನೋ, ನೀಲಾ ಕೇಳಲಿಲ್ಲ. ಉಳಿದವರಿಗೆ ಬಡಿಸಿ ತಾನೂ ಉಂಡಳು. ಪಲ್ಯಕ್ಕೆ ಉಪ್ಪು ಹಾಕಲು ಮರೆತಿದ್ದಳು.

ಮರುದಿನ ಕೊಠಡಿಯಲ್ಲಿ ಮಾಮೂಲಿ ದನಿಗಳು ಬಂದವು. ಬಳ್ಳಾರಿಯ ಕುಡುಕನೊಬ್ಬ ಅಣ್ಣನಿಗೆ ಜಾಮೀನು ನಿಂತು ನಡುವೆ ನಿದ್ದೆ ಹೋದ: ಜೀವಂತ. ಎರಡು ಹೆಣೆದ ದನಿಗಳು: ನಿರ್ಜೀವ. ಆಮೇಲೆ ಒಂದು ಹೆಣ್ಣುದನಿ. ಕುಂದಗೋಳದ ಕಡೆಯದು. ಯಂತ್ರ ಒಂಬತ್ತು ಕೊಟ್ಟಿತ್ತು.

“ನಾನು ಹುಲಿಗೆವ್ವ. ಕಸ್ತೂರಿ ನನಗೇನೂ ಆಗಬೇಕಿಲ್ಲ. ಆಸ್ಪತ್ರ್ಯಾಗ ರಾತ್ರಿ ಪಾಳಿ ಇರ್ತಿದ್ಲು. ಆಕಿ ಆಕೀನ ಹೌದು. ನಾ ಜಾಮೀನ ನಿಲ್ತೀನಿ.”

ಏರಿಲ್ಲದ, ಇಳಿವಿಲ್ಲದ, ಒಗೆದು ಒಣಗಿಸಿ ಮಡಿಚಿಟ್ಟಂಥ ದನಿ. ನೀಲಾಳ ಬೆರಳು ತಾನಾಗಿಯೇ ‘ನಿರ್ಜೀವ’ದ ಮೇಲೆ ಹೋಗಿತ್ತು. ಇಂಥ ದನಿಗಳಿಗೆ ಅದು ಯಾವಾಗಲೂ ಅಲ್ಲಿಗೇ ಹೋಗುತ್ತಿತ್ತು.

ಬೆರಳು ನಿಂತದ್ದು ಹೆಸರಿಗಾಗಿ. ಇದು ತನ್ನ ಬಳಿ ಹೇಗೆ ಬಂತು? ತಾನು ಜಾಮೀನಿರುವವರ ವಿಷಯ ತನಗೆ ಬರುವಂತಿಲ್ಲ. ಆಮೇಲೆ ತಿಳಿಯಿತು. ನಿನ್ನೆಯಿಂದ ತಾನು ಕಸ್ತೂರಿಗೆ ಏನೂ ಅಲ್ಲ. ಜಾಲದ ಲೆಕ್ಕದಲ್ಲಿ ತಾನೀಗ ಹೊರಗಿನವಳು.

ಹುಲಿಗೆವ್ವ ಹೇಗೆ ಬಂದಳೆಂಬುದೂ ತಿಳಿಯಿತು. ಯಾರಾದರೂ ವಿರಾಮಕ್ಕೆ ಹೋದರೆ, ಅವರೊಡನೆ ಒಂದೇ ಸೂರಿನಡಿ ರಾತ್ರಿಗಳನ್ನು ಕಳೆದವರ ಫೋನಿಗೆಲ್ಲ ಜಾಲ ತಾನಾಗಿ ಕೇಳುತ್ತದೆ: ಇವರಿಗೆ ಜಾಮೀನು ನಿಲ್ಲುತ್ತೀರಾ? ಸಾಮಾನ್ಯವಾಗಿ ಅದು ಮನೆಯ ನಾಲ್ಕು ಜನರನ್ನು ದಾಟುವುದಿಲ್ಲ. ಕಸ್ತೂರಿ ವರ್ಷಗಟ್ಟಲೆ ಒಂದು ವಾರ್ಡಿನಲ್ಲಿ ರಾತ್ರಿ ಕಳೆದಿದ್ದಳು. ಕೊಯ್ಸಿಕೊಂಡು ವಾರಗಟ್ಟಲೆ ಆ ಮಂಚಗಳ ಮೇಲೆ ಮಲಗಿದವರ ದಿಂಬಿನಡಿಯ ಫೋನುಗಳನ್ನೆಲ್ಲ ಜಾಲ ಅವಳ ಮನೆಯವರೆಂದು ಎಣಿಸಿಕೊಂಡಿತ್ತು.

ನೀಲಾ ಸಾಲು ಇಳಿಸಿ ನೋಡಿದಳು. ಹುಲಿಗೆವ್ವನ ಹಿಂದೆ ಗುಡಗೇರಿ, ಅಣ್ಣಿಗೇರಿ, ತಡಸ, ನವಲಗುಂದ. ಎಲ್ಲ ಕಸ್ತೂರಿಗೇ. ಒಂಬತ್ತು, ಹದಿನಾಲ್ಕು, ಏಳು, ಹತ್ತು. ಪರದೆಯ ಕೆಳತುದಿ ಮುಟ್ಟಿದರೂ ಮುಗಿಯಲಿಲ್ಲ. ಯಂತ್ರ ಅವರೆಲ್ಲರನ್ನೂ ಹೆಣೆದವರೆಂದು ತಿಳಿದಿತ್ತು. ಈ ಮೂರು ವರ್ಷದಲ್ಲಿ ಇಂಥ ಎಷ್ಟು ದನಿಗಳ ಮೇಲೆ ತಾನು ಗುಂಡಿ ಒತ್ತಿದ್ದೇನೆ ಎಂದು ನೀಲಾ ಯೋಚಿಸಿದಳು. ಹಳೇ ಫೋನು, ನೆಟ್‌ವರ್ಕ್ ಸರಿಯಿಲ್ಲ ಎಂದು ಕೊಠಡಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಅವಳೂ ಹಾಗೆಂದುಕೊಂಡಿದ್ದಳು. ಆ ಹೆಂಗಸರ ಗಂಡಂದಿರು, ಮಕ್ಕಳು, ಅಕ್ಕತಂಗಿಯರು ಅದರಿಂದ ಎಷ್ಟು ದಿನ ನಿಂತುಹೋದರೋ. ಎದೆಯಲ್ಲಿ ಏನಾದರೂ ಆಗಬಹುದೆಂದು ಕಾದಳು. ಏನೂ ಆಗಲಿಲ್ಲ.

ಅವಳು ‘ಜೀವಂತ’ ಒತ್ತಿದಳು.

ಮುಂದಿನದಕ್ಕೂ ಒತ್ತಿದಳು. ಅದರ ಮುಂದಿನದಕ್ಕೂ. ಸ್ವಲ್ಪ ಹೊತ್ತಿಗೆ ಫರ್ಜಾನಾಳ ಪರದೆಯಲ್ಲಿ ಕೆಂಪು ಮಿನುಗಿತು. ಅವಳು ಚಹದ ಲೋಟ ಹಿಡಿದುಕೊಂಡೇ ಬಂದು ಹಿಂದೆ ನಿಂತು, ಹೆಗಲ ಮೇಲಿಂದ ಬಗ್ಗಿ ನೋಡಿದಳು.

“ಏನ ಮಾಡಾಕತ್ತಿ ನೀಲಕ್ಕಾ? ಒಂಬತ್ತಕ್ಕ ಜೀವಂತ ಒತ್ತಿ. ಏಳಕ್ಕ ಒತ್ತಿ!”

“ಹೌದು.”

“ನಿನ್ನ ನಾದಿನಿಗೇನು? ಒಂದ ಸಾಕಾಗಿತ್ತಲ್ಲ. ಒಂದಾಗಿದ್ರ ನಾನೂ ಕಣ್ಣ ಮುಚ್ಕೊಂಡ ಕುಂದ್ರತಿದ್ದೆ.” ಫರ್ಜಾನಾ ದನಿ ತಗ್ಗಿಸಿದಳು. “ಮಷೀನು ನಿನ್ನಿಂದ ಕಲೀತದ. ಇಂಥಾ ದನಿಗೆಲ್ಲ ಜೀವ ಐತಿ ಅಂತ ಕಲತ್ರ, ನಾಳೆ ಕಳ್ಳರು ಇಂಥಾ ದನೀನ ಹೆಣೀತಾರ. ನಮ್ಮವ್ವನ ದುಡ್ಡು ಹಂಗ ಹೋಗಿದ್ದು, ನಿನಗ ಗೊತ್ತೈತಿ.”

ಅದು ನಿಜವಾಗಿತ್ತು. ಫರ್ಜಾನಾಳ ತಾಯಿ ಮಗಳ ದನಿಯನ್ನೇ ನಂಬಿ ಎಲ್ಲವನ್ನೂ ಕಳೆದುಕೊಂಡಿದ್ದಳು.

“ಇವು ಹೆಣೆದದ್ದಲ್ಲ ಅಂತ ನಿನಗ ಹ್ಯಾಂಗ ಗೊತ್ತು?” ಫರ್ಜಾನಾ ಮತ್ತೆ ಕೇಳಿದಳು. “ಹೇಳು. ಏನರೆ ಒಂದ ಕಾರಣ ಬರಕೋತೀನಿ.”

ನೀಲಾ ಒಂದು ಕಿವಿಯ ಇಯರ್‌ಫೋನು ತೆಗೆದು ಅವಳ ಕೈಗೆ ಕೊಟ್ಟಳು. ಇಬ್ಬರೂ ಕೂಡಿ ಕೇಳಿದರು. ಅಣ್ಣಿಗೇರಿಯ ಹೆಂಗಸು ತನ್ನ ಹೆಸರು ಹೇಳಿದಳು, ಕಸ್ತೂರಿಯ ಹೆಸರು ಹೇಳಿದಳು, ಜಾಮೀನು ನಿಲ್ಲುತ್ತೇನೆಂದಳು. ಎಲ್ಲಿಯೂ ಉಸಿರು ತಡವರಿಸಲಿಲ್ಲ.

“ಹಿಂಗ ಮಾತಾಡಾವರು ಯಾರು ಅದಾರ ಹೇಳು, ಈ ಕೊಠಡ್ಯಾಗ” ಎಂದಳು ನೀಲಾ.

ಹನ್ನೊಂದು ಎಂಬ ಅಂಕವನ್ನು ಫರ್ಜಾನಾಳೇ ನೋಡಿದ್ದಳು. ನೀಲಾ ಆಸ್ಪತ್ರೆಗೆ ಹೋಗಿದ್ದಳೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಈಗಲೂ ಯಾರೂ ಹೇಳಲಿಲ್ಲ. ಲೋಟವನ್ನು ನೀಲಾಳ ಮೇಜಿನ ಮೇಲಿಟ್ಟು, ಪರದೆಯ ಮೇಲೆ ಸಾಲುಗಟ್ಟಿದ ಊರುಗಳ ಹೆಸರನ್ನು ಮೇಲಿಂದ ಕೆಳಗೆ ನಿಧಾನ ಓದಿದಳು.

“ಇಷ್ಟು ಮಂದಿಯೇನ?” ಎಂದಳು ಕೊನೆಗೆ.

“ಕೆಳಗ ಇನ್ನೂ ಅದಾವು.”

“ನಾಳೆ ನಿನ್ನ ತಗೀತಾರ ನೀಲಕ್ಕಾ. ನನ್ನಿಂದ ನಿಲ್ಲಸಾಕ ಆಗಂಗಿಲ್ಲ. ಸಂಜೀ ಮಟಾ ಟೈಮ ಐತಿ.”

“ಸಂಜೀ ಮಟಾ ಸಾಕು.”

ಫರ್ಜಾನಾ ಇಯರ್‌ಫೋನು ಮರಳಿಸಿ ತನ್ನ ಜಾಗಕ್ಕೆ ಹೋದಳು. ಕೆಂಪು ಮಿನುಗುತ್ತಲೇ ಇತ್ತು. ಅವಳು ಪರದೆಯನ್ನು ಗೋಡೆಯ ಕಡೆ ತಿರುಗಿಸಿ ಬೇರೆ ಕೆಲಸ ತೆಗೆದುಕೊಂಡಳು.

ಊಟದ ಬಿಡುವಿನಲ್ಲಿ ಪಕ್ಕದ ಮೇಜಿನ ಹುಡುಗಿಯೊಬ್ಬಳ ಫೋನಿನಿಂದ ಕಸ್ತೂರಿಯ ದನಿ ಬಂತು. ಗಂಟಲು ಸರಿಮಾಡಿಕೊಂಡು, “ನಿನ್ನಿ ಎಲ್ಲಿಗೆ ಬಿಟ್ಟಿದ್ವೆವಾ? ಹಾಂ, ಹೆಸರು” ಎನ್ನುತ್ತಿದ್ದಳು. ಹುಡುಗಿಯರು ಡಬ್ಬಿ ಬಿಟ್ಟು ಅದರ ಸುತ್ತ ಕೂಡಿದರು. ಒಬ್ಬಳು, “ನೀಲಕ್ಕಾ, ನಿಮ್ಮ ನಾದಿನಿ ಬಂದ್ರು ಬರ್ರಿ!” ಎಂದು ಕೂಗಿದಳು.

ನೀಲಾಳಿಗೆ ಅದು ಕೇಳಲಿಲ್ಲ. ಅವಳ ಎರಡೂ ಕಿವಿಯಲ್ಲಿ ನವಲಗುಂದದ ಹೆಂಗಸೊಬ್ಬಳು ಮಾತಾಡುತ್ತಿದ್ದಳು. ಯಂತ್ರ ಅವಳಿಗೆ ಆರು ಕೊಟ್ಟಿತ್ತು. ನೀಲಾ ಒತ್ತಿದಳು, ಮುಂದಿನದನ್ನು ತೆರೆದಳು.